ತೋಳದ ಪಾಲಿನ ಮರಿ

"ಅಜ್ಜಾರೆ, ಕುರಿ ತಿನ್ನುವ ಪ್ರಾಣಿಯನ್ನು ಕುರಿಗಾರನ ನೆಲಕ್ಕೆ ತಂದು ಬಿಡುವುದು ಧರ್ಮವೋ, ಅಧರ್ಮವೋ?" ಎಂದು ಶಿಷ್ಯ ಮಾಳಿಂಗ ಕೇಳಿದ.

ಮಾಳಿಂಗ ಕುರಿಗಾರರ ಮನೆಯ ಮಗ. ಮಠಕ್ಕೆ ಬಂದು ಸೇರಿ ಕೆಲವು ಕಾಲವಾಗಿತ್ತು. ಹಿಂದಿನ ದಿನ ತನ್ನ ಊರಿಗೆ ಹೋಗಿ ಬಂದಿದ್ದ. ಅಲ್ಲಿ ಒಂದು ಸಭೆ ಸೇರಿತ್ತು. ಊರಾಚೆಯ ಹುಲ್ಲುಗಾವಲಿನಲ್ಲಿ ಮುತ್ತಾತನ ಕಾಲಕ್ಕೆ ತೋಳಗಳಿದ್ದವು, ಈಗ ಒಂದೂ ಇಲ್ಲ. ಬೇರೆ ಕಡೆಯಿಂದ ತೋಳಗಳನ್ನು ತಂದು ಅಲ್ಲಿ ಬಿಡಬೇಕು, ಬಿಟ್ಟು ಕಾಪಾಡಬೇಕು ಎಂದು ಅರಣ್ಯ ಇಲಾಖೆಯವರು ಹೇಳಿದ್ದರು. ಕೆಲವರು ಆಗಲಿ ಎಂದರು. ಕುರಿಗಾರರು ಬೇಡ ಎಂದರು. ಬೇಡ ಎಂದವರಲ್ಲಿ ಮಾಳಿಂಗನ ಅಣ್ಣನೇ ಮುಂದೆ. ಮಠದ ಮಾತು ಏನೆಂದು ಕೇಳಿಕೊಂಡು ಬಾ ಎಂದು ತಮ್ಮನನ್ನು ಕಳಿಸಿದ್ದ.

ಗುರುಗಳು ಜಗಲಿಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆಯೆತ್ತದೆ ಕೇಳಿದರು.

"ನಿಮ್ಮಣ್ಣ ಏನಂದ?"

"ಸಾಕಿದ ಕೈಯಿಂದಲೇ ಕತ್ತು ಹಿಸುಕು ಅನ್ನುತ್ತಾರಲ್ಲ, ಇದೆಂಥ ನ್ಯಾಯ ಅಂದ."

"ಬೇಕು ಅಂದವರು?"

"ತೋಳವೂ ದೇವರು ಹುಟ್ಟಿಸಿದ್ದೇ ಅಂದರು. ಅವರ ಮನೆಯಲ್ಲಿ ಒಂದು ಕುರಿಯೂ ಇಲ್ಲ ಅಜ್ಜಾರೆ. ಮಾತಾಡುವುದಕ್ಕೆ ಏನು ಕಷ್ಟ?"

"ಅಣ್ಣ ಅಂದದ್ದೂ ಖರೆ, ಅವರು ಅಂದದ್ದೂ ಖರೆ," ಎಂದರು ಗುರುಗಳು. ಮೊರವನ್ನು ಪಕ್ಕಕ್ಕಿಟ್ಟರು. "ಕುಳಿತುಕೋ. ಒಬ್ಬ ಕುರಿಗಾರನ ಸಂಗತಿ ಹೇಳುತ್ತೇನೆ."

ಮಾಳಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಬಯಲುಸೀಮೆ. ಅಲ್ಲಿ ಒಬ್ಬ ಕುರಿಗಾರನಿದ್ದ. ಅವನಿಗೆ ಹೆಂಡತಿ ಇದ್ದಳು, ಒಬ್ಬ ಅಣ್ಣ ಇದ್ದ. ಅಣ್ಣನ ಹಿಂಡು ಬೇರೆ, ತಮ್ಮನ ಹಿಂಡು ಬೇರೆ. ಹಗಲೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕುರಿ ಮೇಯಿಸುತ್ತಿದ್ದರು. ಹೊತ್ತು ಇಳಿದರೆ ಆ ಸೀಮೆಯ ಕುರಿಗಾರರೆಲ್ಲ ತಮ್ಮ ಹಿಂಡುಗಳನ್ನು ಒಂದೇ ಕಡೆಗೆ ತಂದು ಕೂಡುತ್ತಿದ್ದರು. ಸುತ್ತ ಜಾಲಿಮುಳ್ಳಿನ ಬೇಲಿ ಹಾಕುತ್ತಿದ್ದರು. ಬೇಲಿಯ ಬದಿಗೆ ಅವರ ಗುಡಾರಗಳು. ಅದಕ್ಕೆ ಹಟ್ಟಿ ಎನ್ನುತ್ತಿದ್ದರು. ಹಟ್ಟಿಯಲ್ಲಿ ಗಂಡಸರು ಸರದಿಯ ಮೇಲೆ ಕಾವಲು ಕೂರುತ್ತಿದ್ದರು. ಹೆಂಗಸರು ಒಬ್ಬರ ಒಲೆಯ ಕೆಂಡದಿಂದ ಇನ್ನೊಬ್ಬರು ಒಲೆ ಹೊತ್ತಿಸಿಕೊಳ್ಳುತ್ತಿದ್ದರು. ಇಷ್ಟೆಲ್ಲ ಒಟ್ಟಾಗಿ ಇರುವುದು ಯಾಕೆಂದರೆ ಹತ್ತಿರದ ಗುಡ್ಡದ ಗವಿಯಲ್ಲಿ ತೋಳಗಳಿದ್ದವು.

ಆ ಸೀಮೆಯಲ್ಲಿ ಒಂದು ನಡವಳಿ ಇತ್ತು.

ಕುರಿಗಳು ಈದು ಮುಗಿದ ಮೇಲೆ ಮರಿಗಳ ಕಿವಿಗೆ ಗುರುತು ಹಾಕುವ ದಿನ ಬರುತ್ತದೆ. ನಿನಗೆ ಗೊತ್ತಿದ್ದದ್ದೇ. ಒಬ್ಬ ಎಡಗಿವಿಯ ತುದಿ ಕೊಯ್ಯುತ್ತಾನೆ, ಒಬ್ಬ ಬಲಗಿವಿ ಸೀಳುತ್ತಾನೆ. ಗುರುತು ಬಿದ್ದ ಮೇಲೆ ಮರಿ ಇಂಥವನದು ಎಂದು ಎಲ್ಲರಿಗೂ ತಿಳಿಯುತ್ತದೆ. ಆ ಸೀಮೆಯಲ್ಲಿ ಪ್ರತಿಯೊಬ್ಬನೂ ತನ್ನ ಹಿಂಡಿನ ಒಂದು ಮರಿಗೆ ಗುರುತು ಹಾಕದೆ ಬಿಡುತ್ತಿದ್ದ. ಇಂಥದ್ದು ಎಂದು ಆರಿಸಿ ಬಿಡುವಂತಿಲ್ಲ. ಮರಿಗಳನ್ನು ಹಿಡಿಹಿಡಿದು ಗುರುತು ಹಾಕುತ್ತ ಹೋದಂತೆ, ಕೊನೆಗೆ ಕೈಗೆ ಸಿಗದೆ ಉಳಿದದ್ದು ಯಾವುದೋ ಅದು. ಸೊರಗಿದ್ದಾದರೂ ಸರಿ, ಹಿಂಡಿಗೇ ಚೆಂದದ್ದಾದರೂ ಸರಿ. ಅದನ್ನು ತೋಳದ ಪಾಲಿನ ಮರಿ ಎನ್ನುತ್ತಿದ್ದರು.

ಹಾಗೆಂದು ಅದನ್ನು ಒಯ್ದು ತೋಳದ ಬಾಯಿಗೆ ಕೊಡುತ್ತಿರಲಿಲ್ಲ. ಅದೂ ಉಳಿದವುಗಳ ಜೊತೆಗೆ ಮೇಯುತ್ತಿತ್ತು, ಉಳಿದವುಗಳ ಜೊತೆಗೆ ಮಲಗುತ್ತಿತ್ತು. ತೋಳ ಬಂದು ಹಿಂಡಿನ ಯಾವುದೋ ಒಂದು ಮರಿಯನ್ನು ಒಯ್ದರೆ, ಕುರಿಗಾರ ಆ ದಿನ ಪಾಲಿನ ಮರಿಯನ್ನು ಹಿಡಿದು ತನ್ನ ಗುರುತು ಹಾಕುತ್ತಿದ್ದ. 'ನಿನ್ನದು ನೀನು ಒಯ್ದೆ, ನನ್ನದು ನನಗೆ ಬಂತು' ಎನ್ನುತ್ತಿದ್ದ. ಅಲ್ಲಿಗೆ ಆ ಮಾತು ಮುಗಿಯಿತು. ತೋಳವನ್ನು ಬೈಯುವುದಿಲ್ಲ, ಬೆನ್ನಟ್ಟಿ ಹೋಗುವುದಿಲ್ಲ.

ಒಂದು ವೇಳೆ ವರ್ಷ ತುಂಬಿದರೂ ತೋಳ ಆ ಹಿಂಡನ್ನು ಮುಟ್ಟದೆ ಹೋದರೆ, ಆ ಮರಿ ಕುರಿಯಿಲ್ಲದವರಿಗೆ ಹೋಗುತ್ತಿತ್ತು. ತೋಳಕ್ಕೆಂದು ಬಿಟ್ಟದ್ದನ್ನು ಮರಳಿ ತಾನೇ ಇಟ್ಟುಕೊಳ್ಳುವಂತಿರಲಿಲ್ಲ.

ಹಟ್ಟಿಯಲ್ಲಿ ಕುರಿಯಿಲ್ಲದವಳು ಒಬ್ಬಳಿದ್ದಳು. ಸೂಲಗಿತ್ತಿ. ಗಂಡನಿಲ್ಲ, ಹೊಲವಿಲ್ಲ. ಹೆಂಗಸರ ಹೆರಿಗೆಗೂ ಅವಳೇ, ಅಡ್ಡ ಸಿಕ್ಕಿಕೊಂಡ ಕುರಿಮರಿಯನ್ನು ತಿರುಗಿಸಿ ತೆಗೆಯುವುದಕ್ಕೂ ಅವಳೇ. ಯಾವ ಹೆರಿಗೆಗೂ ಅವಳು ಏನನ್ನೂ ತೆಗೆದುಕೊಂಡವಳಲ್ಲ. ಜೀವ ಕೊಡುವುದು ದೇವರ ಕೆಲಸ, ನನಗೇಕೆ ಕೂಲಿ ಎನ್ನುತ್ತಿದ್ದಳು. ವರ್ಷಕ್ಕೆ ಯಾವುದೋ ಒಂದು ಹಿಂಡಿನಲ್ಲಿ ತೋಳದ ಪಾಲು ಉಳಿಯುತ್ತಿತ್ತು. ಅದು ಅವಳ ಗುಡಾರಕ್ಕೆ ಬರುತ್ತಿತ್ತು. ಅದರ ಹಾಲು, ಅದರ ಉಣ್ಣೆ, ಅದರ ಮರಿ, ಇಷ್ಟರಲ್ಲಿ ಅವಳ ಬದುಕು ನಡೆಯುತ್ತಿತ್ತು.

ಒಂದು ವರ್ಷ ತೋಳ ಈ ಕುರಿಗಾರನ ಹಿಂಡಿನಿಂದ ಒಂದು ಮರಿಯನ್ನು ಒಯ್ದಿತು. ಅವನು ಎಂದಿನಂತೆ ಪಾಲಿನ ಮರಿಗೆ ಗುರುತು ಹಾಕಿದ. ಆ ಕಿವಿಯ ಗಾಯ ಇನ್ನೂ ಮಾದಿರಲಿಲ್ಲ, ತೋಳ ಇನ್ನೊಂದನ್ನು ಒಯ್ದಿತು.

ಕುರಿಗಾರನಿಗೆ ಸಿಟ್ಟು ಬಂತು. 'ಮೊದಲು ಒಯ್ದದ್ದು ಪಾಲು. ಪಾಲು ತೀರಿದ ಮೇಲೆ ಒಯ್ದದ್ದು ಕಳವು,' ಎಂದ.

ಹಟ್ಟಿಯ ಮುದುಕನೊಬ್ಬ ನಕ್ಕ. 'ತೋಳಕ್ಕೆ ಮಗ್ಗಿ ಕಲಿಸಿದವರು ಯಾರಪ್ಪಾ?'

ಕುರಿಗಾರ ನಗಲಿಲ್ಲ. 'ಮಾತು ತಪ್ಪಿದ ಮೇಲೆ ಮನುಷ್ಯನಾದರೇನು, ತೋಳವಾದರೇನು? ನಾವು ಮಾತಿನಂತೆ ನಡೆದಿಲ್ಲವೇ?'

ಉಳಿದವರಿಗೂ ಅವನ ಮಾತು ಹಿಡಿಸಿತು. ಅವರ ಮರಿಗಳೂ ಹೋಗಿದ್ದವು. ಎಲ್ಲರೂ ಗುಡ್ಡಕ್ಕೆ ಹೋದರು. ಗವಿಯ ಬಾಯಿಗೆ ಹೊಗೆ ಹಾಕಿದರು. ಹೊರಗೆ ಬಂದ ತೋಳಗಳಲ್ಲಿ ಕೆಲವು ಬಡಿಗೆಗೆ ಬಿದ್ದವು, ಕೆಲವು ಬಯಲು ದಾಟಿ ಓಡಿ ಹೋದವು. ಗವಿಗೆ ಕಲ್ಲು ಒಟ್ಟಿ ಬಾಯಿ ಮುಚ್ಚಿದರು. ಕೊನೆಯ ಕಲ್ಲನ್ನು ನಮ್ಮ ಕುರಿಗಾರನೇ ಇಟ್ಟ.

ಗುರುಗಳು ಇಲ್ಲಿ ಸ್ವಲ್ಪ ನಿಲ್ಲಿಸಿದರು.

"ತೋಳ ಯಾರಿಗೂ ಮಾತು ಕೊಟ್ಟಿರಲಿಲ್ಲ, ಮಾಳಿಂಗಾ. ಮಾತು ಕೊಟ್ಟವರು ಕುರಿಗಾರರು. ಕೊಟ್ಟದ್ದೂ ತಮಗೆ ತಾವೇ."

ಮಾಳಿಂಗ ಹೂಂಗುಟ್ಟಿದ. ಗುರುಗಳು ಮುಂದುವರಿಸಿದರು.

ಮೊದಲ ವರ್ಷ ಎಲ್ಲರಿಗೂ ಹಬ್ಬ. ಒಂದು ಮರಿಯೂ ಹೋಗಲಿಲ್ಲ. ಗುರುತು ಹಾಕುವ ದಿನ ಎಲ್ಲ ಮರಿಗಳಿಗೂ ಗುರುತು ಬಿತ್ತು. ಬಾರದವರಿಗೆ ಎಲೆ ಹಾಕಿ ಕಾಯುವುದೇಕೆ ಎಂದರು. ಅದು ಸರಿಯಾಗಿಯೇ ಕಂಡಿತು.

ಆಮೇಲೆ ಬೇಲಿ ತಗ್ಗಾಯಿತು. ಕೈಗೆ ಮುಳ್ಳು ಚುಚ್ಚಿಸಿಕೊಂಡು ಜಾಲಿ ಕಡಿದು ತರುವುದು ಯಾರಿಗೆ ಬೇಕು? ಆಮೇಲೆ ಕಾವಲಿನ ಸರದಿ ನಿಂತಿತು. ಸರದಿ ನಿಂತ ಮೇಲೆ ಒಂದೇ ಕಡೆ ಇರಬೇಕಾದ ಕಾರಣವೂ ಉಳಿಯಲಿಲ್ಲ. ಮೊದಲು ಕುರಿಗಾರನ ಅಣ್ಣ ತನ್ನ ಹಿಂಡನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋದ. ಒಬ್ಬನೇ ಇದ್ದರೆ ಸುತ್ತಲಿನ ಹುಲ್ಲೆಲ್ಲ ತನ್ನದೇ ಎಂದ. ತಮ್ಮನ ಜೊತೆ ಜಗಳವೇನೂ ಇರಲಿಲ್ಲ. ಅವನನ್ನು ನೋಡಿ ಇನ್ನೊಬ್ಬ ಹೋದ. ಹೀಗೆ ಬಯಲಿನ ತುಂಬ ಒಂಟಿ ಗುಡಾರಗಳಾದವು. ಒಂದರ ಹೊಗೆ ಇನ್ನೊಂದಕ್ಕೆ ಕಾಣುತ್ತಿತ್ತು, ಒಂದರ ಕೂಗು ಇನ್ನೊಂದಕ್ಕೆ ಕೇಳುತ್ತಿರಲಿಲ್ಲ.

ಸೂಲಗಿತ್ತಿ ಕೆಲವು ಕಾಲ ಕಾದಳು. ಯಾವ ಹಿಂಡಿನಲ್ಲಿಯೂ ಉಳಿದ ಮರಿ ಇರಲಿಲ್ಲ. ಯಾರೂ ಅವಳನ್ನು ಹೋಗು ಎನ್ನಲಿಲ್ಲ. ಇರು ಎನ್ನುವುದೂ ಯಾರಿಗೂ ನೆನಪಾಗಲಿಲ್ಲ. ಒಂದು ದಿನ ಗಂಟು ಕಟ್ಟಿಕೊಂಡು ಹೊಳೆ ದಾಟಿ ಬೇರೆ ಸೀಮೆಗೆ ಹೋದಳು.

ಅದೇ ವರ್ಷ ಕುರಿಗಾರನ ಹೆಂಡತಿ ಬಸುರಾದಳು. ಮೊದಲ ಬಸಿರು. ಒಂದು ಮಧ್ಯಾಹ್ನ ಅವಳಿಗೆ ನೋವು ಬಂತು. ಸುತ್ತ ನೋಡಿದರೆ ಕುರಿ, ಹುಲ್ಲು, ಆಕಾಶ. ಹೆಂಗಸರ ಸುಳಿವಿಲ್ಲ. ಕುರಿಗಾರ ಅಣ್ಣನ ಗುಡಾರದ ಕಡೆಗೆ ಓಡಿದ. ಅತ್ತಿಗೆಯನ್ನು ಕರೆದುಕೊಂಡು ಬರುವಷ್ಟರಲ್ಲಿ ಹೊತ್ತು ಬಾಗಿತ್ತು.

ತಾಯಿ ಉಳಿದಿದ್ದಳು. ಕೂಸು ಉಳಿದಿರಲಿಲ್ಲ.

'ಆ ಸೂಲಗಿತ್ತಿ ಅವ್ವ ಇದ್ದಿದ್ದರೆ...' ಎಂದಳು ಅತ್ತಿಗೆ.

ಹೆಂಡತಿ ಬಹಳ ದಿನ ಮಾತಾಡಲಿಲ್ಲ. ಅದು ಕುರಿಗಳು ಈಯುವ ಕಾಲ. ಒಂದು ಕುರಿ ಮರಿ ಹಾಕಿ ಸತ್ತಿತು. ಕುರಿಗಾರ ಆ ಮರಿಯನ್ನು ತಂದು ಹೆಂಡತಿಯ ಮಡಿಲಲ್ಲಿ ಇಟ್ಟ. ಅವಳು ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಹಿಡಿದಳು. ಅದು ಚೀಪಿತು. ಅಂದು ಅವಳು ಬಾಯಿ ಬಿಟ್ಟಳು.

'ನನಗೆ ಇನ್ನೊಂದು ಕೂಸು ಬೇಕು. ಆದರೆ ಆ ಅವ್ವ ಹತ್ತಿರ ಇರದೆ ನಾನು ಹೆರಲಾರೆ. ಹೋಗಿ ಕರೆದುಕೊಂಡು ಬಾ.'

ಕುರಿಗಾರ ಹೊಳೆ ದಾಟಿ ಹೋದ. ಅವಳನ್ನು ಹುಡುಕಿದ. ಅಲ್ಲಿಯೂ ಒಂದು ಹಟ್ಟಿ ಇತ್ತು. ಸುತ್ತ ಮುಳ್ಳಿನ ಬೇಲಿ ಎತ್ತರವಾಗಿತ್ತು. ಸೂಲಗಿತ್ತಿ ತನ್ನ ಗುಡಾರದ ಮುಂದೆ ಕುಳಿತು ಉಣ್ಣೆ ಬಿಡಿಸುತ್ತಿದ್ದಳು. ಅವನು ನಡೆದದ್ದನ್ನು ಹೇಳಿದ. ಅವಳು ಕೂಸಿನ ಮಾತು ಬಂದಾಗ ಉಣ್ಣೆಯನ್ನು ಕೆಳಗಿಟ್ಟಳು.

'ಬಾ ಅವ್ವಾ,' ಎಂದ ಕುರಿಗಾರ. 'ವರ್ಷಕ್ಕೊಂದು ಮರಿ ನಾನೇ ಕೊಡುತ್ತೇನೆ. ಬೇಕಾದರೆ ಎರಡು.'

'ಹೆರಿಗೆಗೆ ಕರೆದರೆ ಊಟ ನಡುವೆಯೇ ಬಿಟ್ಟಾದರೂ ಬರುತ್ತೇನೆ ತಮ್ಮಾ. ಆದರೆ ಇಷ್ಟು ದೂರದಿಂದ ನಾನು ಬಂದು ಮುಟ್ಟುವವರೆಗೆ ಕೂಸು ಕಾಯಬೇಕಲ್ಲ.'

'ಅದಕ್ಕೇ ಹೇಳಿದೆ, ಅಲ್ಲಿಗೇ ಬಂದು ಇರು.'

'ನೀನು ಕೊಟ್ಟ ಮರಿಯಿಂದ ಬದುಕಿದರೆ ನಾನು ನಿನ್ನ ಋಣದವಳು. ನಾಳೆ ನಿನ್ನ ಹೆಂಡತಿಗೂ ನಿನ್ನ ಅತ್ತಿಗೆಗೂ ಒಟ್ಟಿಗೆ ನೋವು ಬಂದರೆ ಮೊದಲು ಯಾರ ಹತ್ತಿರ ಹೋಗಲಿ? ಉಂಡ ಮನೆಗೆ ಹೋಗಬೇಕೋ, ಸಂಕಟ ಹೆಚ್ಚಿದ್ದ ಮನೆಗೆ ಹೋಗಬೇಕೋ? ನಿಮ್ಮ ಹಟ್ಟಿಯಲ್ಲಿ ಇಷ್ಟು ವರ್ಷ ಇದ್ದೆ. ನನ್ನನ್ನು ಸಾಕಿದವರು ನೀವು ಯಾರೂ ಅಲ್ಲ. ತೋಳ ಬಿಟ್ಟದ್ದನ್ನು ತಿಂದೆ. ಹಾಗಾಗಿ ಯಾರ ಮುಂದೆಯೂ ತಲೆ ಬಗ್ಗಿಸಲಿಲ್ಲ.'

ಅವಳು ಕೆಳಗಿಟ್ಟ ಉಣ್ಣೆಯನ್ನು ಮತ್ತೆ ಕೈಗೆತ್ತಿಕೊಂಡಳು. 'ನಿಮ್ಮ ಕಡೆ ಈಗ ತೋಳವಿಲ್ಲವಂತೆ,' ಎಂದಳು.

ಕುರಿಗಾರ ಮರಳಿ ಬಂದ. ದಾರಿಯುದ್ದಕ್ಕೂ ಅವಳ ಮಾತನ್ನೇ ಮೆಲುಕು ಹಾಕುತ್ತಿದ್ದ. ಬಂದವನು ಗುಡಾರಕ್ಕೆ ಹೋಗಲಿಲ್ಲ. ನೇರವಾಗಿ ಗುಡ್ಡ ಹತ್ತಿ ಗವಿಯ ಬಾಯಿಯ ಕಲ್ಲುಗಳನ್ನು ತೆಗೆಯತೊಡಗಿದ.

ಮೇಯಿಸಲು ಬಂದವರು ನೋಡಿದರು. 'ಕುರಿ ಕಾಯುವವನು ತೋಳಕ್ಕೆ ಮನೆ ಮಾಡಿಕೊಡುತ್ತಿದ್ದಾನೆ,' ಎಂದ ಒಬ್ಬ. 'ಬಾಗಿಲಿಗೆ ಒಂದು ತೋರಣವನ್ನೂ ಕಟ್ಟಪ್ಪಾ, ದಾರಿ ತಪ್ಪಿಯಾವು,' ಎಂದ ಇನ್ನೊಬ್ಬ. ಕುರಿಗಾರ ಕಲ್ಲು ತೆಗೆಯುತ್ತಲೇ ಇದ್ದ.

ಸುದ್ದಿ ಕೇಳಿ ಅಣ್ಣ ಬಂದ. ಅವನು ಹಾಸ್ಯ ಮಾಡಲಿಲ್ಲ.

'ಅಲ್ಲೋ, ನಿನ್ನ ಕೂಸು ಹೋದದ್ದಕ್ಕೆ ನನಗೂ ಸಂಕಟವಿದೆ. ಆದರೆ ತೋಳ ಬಂದರೆ, ಇದು ಅಣ್ಣನ ಕುರಿ, ಇದು ತಮ್ಮನ ಕುರಿ ಎಂದು ಕಿವಿ ನೋಡಿ ಒಯ್ಯುತ್ತದೆಯೇ? ಧರ್ಮ ನಿನ್ನದು, ಮರಿ ನನ್ನದು. ಇದೆಂಥ ಧರ್ಮ?'

ಇಲ್ಲಿ ಮಾಳಿಂಗ ಬಾಯಿ ಹಾಕಿದ. "ಅಣ್ಣ ಹೇಳಿದ್ದು ಸರಿಯಲ್ಲವೇ ಅಜ್ಜಾರೆ?"

"ಸರಿಯೇ. ತಮ್ಮನಿಗೂ ಅದು ಸರಿ ಎಂದೇ ಕಂಡಿತು," ಎಂದರು ಗುರುಗಳು.

ಕುರಿಗಾರ ಕೈಯಲ್ಲಿದ್ದ ಕಲ್ಲನ್ನು ಇಳಿಸಿದ. ಆಮೇಲೆ ಹೇಳಿದ. 'ಈ ಸಲ ನನ್ನ ಹಿಂಡಿನಲ್ಲಿ ಒಂದು ಮರಿಗೆ ಗುರುತು ಹಾಕುವುದಿಲ್ಲ. ತೋಳ ಬಂದು ಯಾರದನ್ನು ಒಯ್ದರೂ ಗುರುತಿಲ್ಲದ ಆ ಮರಿ ಅವರದು. ನಿನ್ನದನ್ನು ಒಯ್ದರೆ ಬಾ. ನಿನ್ನ ಗುರುತು ಹಾಕಿಕೊಂಡು ಹೋಗು.'

'ನೋಡೋಣ,' ಎಂದ ಅಣ್ಣ. ಹೋದ.

ಗುರುತು ಹಾಕುವ ದಿನ ಬಂತು. ಕುರಿಗಾರ ಮರಿಗಳನ್ನು ಹಿಡಿಹಿಡಿದು ಗುರುತು ಹಾಕುತ್ತ ಹೋದ. ಎಲ್ಲ ಮುಗಿಯಿತು ಎಂದುಕೊಂಡ. ಗುಡಾರದೊಳಗಿನಿಂದ ಒಂದು ಮರಿ ಆಕಳಿಸುತ್ತ ಹೊರಗೆ ಬಂತು. ಹೆಂಡತಿಯ ಕಂಬಳಿಯ ಮೇಲೆ ಮಲಗಿಬಿಟ್ಟಿತ್ತು. ಅವಳು ಬಟ್ಟೆ ಅದ್ದಿ ಹಾಲು ಕುಡಿಸಿ ಬದುಕಿಸಿದ ತಬ್ಬಲಿ ಮರಿ.

ಗಂಡ ಹೆಂಡತಿ ಇಬ್ಬರೂ ಅದನ್ನು ನೋಡಿದರು.

'ಇನ್ನೊಂದನ್ನು ಬಿಡೋಣವೇ?' ಎಂದ ಗಂಡ. 'ಯಾರು ನೋಡಿದ್ದಾರೆ?'

ಅವಳು ಮರಿಯನ್ನು ಎತ್ತಿಕೊಂಡಳು. ಅದರ ಎರಡು ಕಿವಿಗಳನ್ನೂ ಸವರಿದಳು. 'ಆರಿಸಿ ಬಿಟ್ಟರೆ ಅದು ಪಾಲು ಹೇಗಾದೀತು?' ಎಂದಳು. ಅದೇ ಪಾಲಿನ ಮರಿಯಾಯಿತು.

ಒಂದು ವರ್ಷ ಗವಿ ಬರಿದಾಗಿಯೇ ಇತ್ತು. ಆ ಮರಿಯನ್ನು ಯಾರಿಗೂ ಕೊಡುವಂತೆಯೂ ಇರಲಿಲ್ಲ. ಒಯ್ಯುವವರೇ ಇಲ್ಲದಾಗ ಉಳಿಯಿತು ಎನ್ನುವುದು ಹೇಗೆ? ಅದನ್ನು ಮುಂದಿನ ವರ್ಷಕ್ಕೂ ಹಾಗೆಯೇ ಬಿಟ್ಟರು. ಅದು ಬೆಳೆದು ಎಳೆಯ ಕುರಿಯಾಯಿತು. ಹೆಂಡತಿ ಎಲ್ಲಿ ಹೋದರೂ ಹಿಂದೆಯೇ ಹೋಗುತ್ತಿತ್ತು. ಸಂಜೆ ಅವಳು ಅಂಗೈಯಲ್ಲಿ ಹಿಡಿದ ಜೋಳವನ್ನು ತಿನ್ನುತ್ತಿತ್ತು.

ಮರುವರ್ಷದ ಬೇಸಿಗೆಯಲ್ಲಿ ಗುಡ್ಡದ ಬುಡದ ಮಣ್ಣಿನಲ್ಲಿ ಹೆಜ್ಜೆ ಕಂಡಿತು. ಎಲ್ಲಿಂದ ಬಂದವೋ, ಮೊದಲು ಓಡಿ ಹೋದವುಗಳ ಸಂತಾನವೋ, ಬೇರೆಯವೋ, ಯಾರಿಗೆ ಗೊತ್ತು? ಬಂದವು. ಕೆಲವೇ ದಿನಗಳಲ್ಲಿ ಒಂದು ಮರಿ ಹೋಯಿತು. ಹೋದದ್ದು ಅಣ್ಣನ ಹಿಂಡಿನಿಂದ.

ಬೆಳಗಾಗುತ್ತಲೇ ಅಣ್ಣ ತಮ್ಮನ ಗುಡಾರದ ಮುಂದೆ ಬಂದು ನಿಂತ. 'ನಿನ್ನ ನೆಂಟರು ಬಂದಿದ್ದರು,' ಎಂದ. 'ಉಂಡದ್ದು ಮಾತ್ರ ನನ್ನ ಮನೆಯಲ್ಲಿ.'

ಕುರಿಗಾರ ಎದ್ದು ನಿಂತ. ಹೆಂಡತಿಯ ಕಡೆಗೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಅವಳೇ ಹೊರಗೆ ಬಂದಳು. ಕುರಿ ಅವಳ ಹಿಂದೆ ಬಂತು. ಅವಳು ಕೆಳಗೆ ಕುಳಿತು ಅದರ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಳು.

'ನಿಮ್ಮದು ಬಲಗಿವಿ ತಾನೇ ಭಾವ? ನಾನು ಹಿಡಿದುಕೊಳ್ಳುತ್ತೇನೆ. ನಾನು ಹಿಡಿದರೆ ಅಲುಗುವುದಿಲ್ಲ.'

ಅಣ್ಣ ಸೊಂಟದಿಂದ ಚೂರಿ ತೆಗೆದ. ತಮ್ಮನ ಮೇಲೆ ಸಿಟ್ಟು ಇತ್ತು, ಅದನ್ನು ಇಟ್ಟುಕೊಂಡೇ ಬಗ್ಗಿದ. ಬಲಗಿವಿ ಸೀಳಿದ. ಕುರಿ ಅಲುಗಲಿಲ್ಲ. ಅವಳು ಸೆರಗಿನಿಂದ ರಕ್ತ ಒರೆಸಿದಳು. ಗಾಯಕ್ಕೆ ಅರಿಸಿನ ಒತ್ತಿದಳು. ಹಗ್ಗವನ್ನು ಭಾವನ ಕೈಗೆ ಕೊಟ್ಟಳು.

'ಸಂಜೆ ಒಂದು ಹಿಡಿ ಜೋಳ ತಿಂದು ಇದಕ್ಕೆ ರೂಢಿ,' ಎಂದಳು. 'ಅಂಗೈಯಲ್ಲಿ ಹಿಡಿದರೇನೇ ತಿನ್ನುತ್ತದೆ. ಮರೆಯಬೇಡಿ.'

ಅಣ್ಣ ಕುರಿಯನ್ನು ಎಳೆದುಕೊಂಡು ಹೋದ. ಅದು ಹಿಂದಕ್ಕೆ ತಿರುಗಿ ತಿರುಗಿ ನೋಡಿತು. ಅವಳು ಗುಡಾರದೊಳಗೆ ಹೋಗಿ ಕುಳಿತು ಅತ್ತಳು. ಗಂಡ ಹೊರಗೆ ಕುಳಿತು ಅತ್ತ. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಕೊಟ್ಟದ್ದು ಸುಲಭವಾಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡ, ಮಾಳಿಂಗಾ.

ಅಂದು ಸಂಜೆ ದೂರದಲ್ಲಿ ಧೂಳು ಎದ್ದಿತು. ಅಣ್ಣ ತನ್ನ ಹಿಂಡನ್ನೆಲ್ಲ ಹೊಡೆದುಕೊಂಡು ಬಂದ. ಹೆಂಡತಿ, ಗುಡಾರದ ಕೋಲು, ಪಾತ್ರೆ ಪಡಗ ಎಲ್ಲವೂ ಬಂದವು. ತಮ್ಮನ ಗುಡಾರದ ಪಕ್ಕದಲ್ಲಿ ಕೋಲು ನೆಟ್ಟು ತನ್ನ ಗುಡಾರ ಹಾಕಿದ.

'ಜೋಳ ನಮ್ಮಲ್ಲಿ ಇರಲಿಲ್ಲ,' ಎಂದ.

ಇತ್ತು. ಅತ್ತಿಗೆಯ ತಲೆಯ ಮೇಲಿನ ಚೀಲದಲ್ಲಿ ಜೋಳವೇ ಇತ್ತು. ಯಾರೂ ಆ ಮಾತು ಎತ್ತಲಿಲ್ಲ. ಆ ಕುರಿ ಬಂದದ್ದೇ ತನ್ನವಳ ಅಂಗೈ ಹುಡುಕಿತು.

ಮರುದಿನ ಅಣ್ಣತಮ್ಮಂದಿರು ಸೇರಿ ಜಾಲಿ ಕಡಿದು ತಂದರು. ತೋಳ ಇದೆ ಎಂದ ಮೇಲೆ ಬಯಲಿನಲ್ಲಿ ಒಬ್ಬನೇ ಇರುವುದಕ್ಕಾಗುತ್ತದೆಯೇ? ಒಬ್ಬೊಬ್ಬರಾಗಿ ಉಳಿದವರೂ ಬಂದರು. ಒಬ್ಬನಿಗೆ ತಿಕ್ಕಲು ಹಿಡಿದರೆ ಊರಿಗೆಲ್ಲ ಕಾವಲಾಯಿತು ಎಂದು ಗೊಣಗುತ್ತಲೇ ಬಂದರು. ಗೊಣಗುತ್ತಲೇ ಮುಳ್ಳು ಹೊತ್ತರು. ಸರದಿಯ ಕಾವಲು ಮೊದಲಾಯಿತು. ಕಾವಲು ಕುಳಿತವರಿಗೆ ಆಡಲು ಮಾತು ಬೇಕಲ್ಲ, ಹಳೆಯ ಮಾತುಗಳೆಲ್ಲ ಹೊರಗೆ ಬಂದವು. ಹಿಂದೆ ನಕ್ಕಿದ್ದ ಮುದುಕ ಇನ್ನೂ ಇದ್ದ. 'ನನಗೂ ಒಂದು ಸರದಿ ಹಾಕಿರಪ್ಪಾ, ನಿದ್ದೆ ಹೇಗೂ ಬರುವುದಿಲ್ಲ' ಎಂದ. ಮುಂದಿನ ಸಲ ಗುರುತು ಹಾಕುವಾಗ ಪ್ರತಿ ಹಿಂಡಿನಲ್ಲಿಯೂ ಒಂದೊಂದು ಮರಿ ಉಳಿಯಿತು.

ಆ ವರ್ಷ ತೋಳಗಳು ಕೆಲವರ ಹಿಂಡಿನಿಂದ ಒಯ್ದವು. ಒಬ್ಬ ಬಡವನ ಹಿಂಡಿನಿಂದ ಎರಡನೆಯದನ್ನೂ ಒಯ್ದವು. ಅವನು ಅತ್ತ. ಆಗ ಪಕ್ಕದವನು ತನ್ನ ಹಿಂಡಿನ ಪಾಲಿನ ಮರಿಯನ್ನು ತಂದು ಅವನ ಮುಂದೆ ನಿಲ್ಲಿಸಿದ. ಯಾರೂ ತೋಳಕ್ಕೆ ಮಗ್ಗಿ ಕಲಿಸುವ ಮಾತಾಡಲಿಲ್ಲ. ವರ್ಷ ತುಂಬಿದಾಗ ಅಣ್ಣನ ಹಿಂಡಿನ ಪಾಲು ಮಾತ್ರ ಹಾಗೆಯೇ ಉಳಿದಿತ್ತು.

ಅಷ್ಟರಲ್ಲಿ ಕುರಿಗಾರನ ಹೆಂಡತಿಗೆ ಮತ್ತೆ ಬಸಿರು ನಿಂತಿತ್ತು.

ಅಣ್ಣ ತಮ್ಮನನ್ನು ಕರೆದ. 'ನನ್ನದರಲ್ಲಿ ಒಂದು ಉಳಿದಿದೆ. ಹೊತ್ತುಕೊಂಡು ಹೋಗು. ಯಾರಿಗೆ ಎಂದು ನಾನು ಹೇಳಬೇಕೇ?'

ಕುರಿಗಾರ ಆ ಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೊಳೆ ದಾಟಿದ. ಸೂಲಗಿತ್ತಿಗೆ ವಯಸ್ಸಾಗಿತ್ತು. ಕಣ್ಣು ಮಂಜಾಗಿತ್ತು. ಅವನ ದನಿಯಿಂದ ಗುರುತು ಹಿಡಿದಳು. ಅವನು ಮರಿಯನ್ನು ಅವಳ ಮುಂದೆ ಇಳಿಸಿದ.

'ಯಾರದು ಇದು?' ಎಂದಳು.

'ಯಾರದೂ ಅಲ್ಲವ್ವಾ. ಉಳಿದದ್ದು.'

ಅವಳು ಕೈ ಚಾಚಿದಳು. ಮರಿಯ ಎಡಗಿವಿಯನ್ನು ಬುಡದಿಂದ ತುದಿಯವರೆಗೆ ಬೆರಳಿನಿಂದ ಸವರಿ ನೋಡಿದಳು. ಬಲಗಿವಿಯನ್ನು ಸವರಿ ನೋಡಿದಳು. ಎರಡೂ ಇಡಿಯಾಗಿದ್ದವು.

'ನಿನ್ನ ಹೆಂಡತಿಗೆ ಎಷ್ಟು ತಿಂಗಳು?' ಎಂದು ಕೇಳಿದಳು.

ಅವನು ಹೇಳಿದ. ಅವಳು ಎದ್ದು ಗಂಟು ಕಟ್ಟಿದಳು.

ಹೆರಿಗೆಯಾದದ್ದು ಒಂದು ಬೆಳಗ್ಗೆ. ಕೂಸು ಅಡ್ಡ ತಿರುಗಿತ್ತು. ಮುದುಕಿಯ ಕಣ್ಣು ಮಂಜಾಗಿದ್ದರೂ ಕೈ ಮಂಜಾಗಿರಲಿಲ್ಲ. ಹಟ್ಟಿಯ ಹೆಂಗಸರೆಲ್ಲ ಗುಡಾರದ ಸುತ್ತ ಇದ್ದರು. ಒಬ್ಬಳು ನೀರು ಕಾಯಿಸಿದಳು, ಒಬ್ಬಳು ಬೆನ್ನು ಹಿಡಿದಳು. ಅತ್ತಿಗೆ ಹೆರುವವಳ ಕೈಯನ್ನು ಬಿಡಲಿಲ್ಲ. ಗಂಡಸರು ಕುರಿಗಳನ್ನು ಮೇಯಲು ಬಿಡದೆ ಬೇಲಿಯ ಬಾಗಿಲಲ್ಲಿ ನಿಂತುಕೊಂಡಿದ್ದರು. ಕುರಿಗಾರ ಅಣ್ಣನ ಪಕ್ಕದಲ್ಲಿ ನಿಂತಿದ್ದ. ಅಣ್ಣ ಅವನ ಹೆಗಲ ಮೇಲೆ ಕೈ ಇಟ್ಟುಕೊಂಡಿದ್ದ.

ಬಿಸಿಲು ಏರುವ ಮೊದಲು ಕೂಸು ಅತ್ತಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಪಕ್ಕಕ್ಕಿಟ್ಟಿದ್ದ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಜೋಳದಲ್ಲಿನ ಕಲ್ಲು ಆರಿಸತೊಡಗಿದರು.

ಮಾಳಿಂಗನ ಕಣ್ಣು ಒದ್ದೆಯಾಗಿತ್ತು. ಅವನು ಮೂಗು ಒರೆಸಿಕೊಂಡ. ಅವನ ಮುಖ ತಿಳಿಯಾಯಿತು.

"ತಿಳಿಯಿತು ಅಜ್ಜಾರೆ. ತೋಳ ಬರಲೇಬೇಕು. ನನ್ನ ಮನಸ್ಸಿನ ಗಂಟು ಬಿಚ್ಚಿತು. ಇವತ್ತೇ ಊರಿಗೆ ಹೋಗುತ್ತೇನೆ. ಅಣ್ಣನಿಗೆ ಎಲ್ಲವನ್ನೂ ಹೇಳುತ್ತೇನೆ. ಅವನು ಹಿಂಡಿನಲ್ಲಿ ಒಂದು ಮರಿಯನ್ನು ಬಿಡಲಿ. ಒಂದು ಮರಿ ಎಷ್ಟರದು? ಇಷ್ಟು ಹೇಳಿದ ಮೇಲೂ ಬೇಡ ಅಂದರೆ ಅವನಿಗೆ ಹೃದಯವೇ ಇಲ್ಲ ಎನ್ನಬೇಕು."

ಅವನು ಎದ್ದು ಹೆಗಲಿನ ವಸ್ತ್ರವನ್ನು ಸರಿಮಾಡಿಕೊಂಡ. ಗುರುಗಳ ಪಾದ ಮುಟ್ಟಿ ಜಗಲಿ ಇಳಿದ.

ಗುರುಗಳು ಮೊರದಿಂದ ಕಣ್ಣು ತೆಗೆಯದೆ ಕೇಳಿದರು. "ಅದು ನಿಮ್ಮಣ್ಣನ ಮರಿಯಾಯಿತು, ಮಾಳಿಂಗಾ, ನೀನು ಬಿಡುವುದು ಏನು?"